ಆರಿದ ಚಹಾ

ಮಾತು ಅರ್ಧದಲ್ಲಿರುವಾಗಲೇ ಔಯೂಂಗ್ ಎದ್ದು ನಿಂತರು.

ಕುರ್ಚಿ ಸರಿದ ಸದ್ದಿಗೆ ದುಭಾಷಿ ಫಂಗ್ ತಲೆ ಎತ್ತಿದ. ಇಬ್ಬರು ಅಧಿಕಾರಿಗಳ ನಡುವೆ ಕೂರುವ ದುಭಾಷಿ ಯಾರ ಮುಖವನ್ನೂ ನೋಡಬಾರದು, ನೆಲದ ಮೇಲೆ ಕಣ್ಣಿಟ್ಟು ಕಿವಿಯನ್ನಷ್ಟೇ ತೆರೆದಿಡಬೇಕು. ಹಾಂಗ್‌ಕಾಂಗಿನ ಕಾರ್ಯದರ್ಶಿ ಕಚೇರಿಯಲ್ಲಿ ಕೂದಲು ನರೆಯುವ ತನಕ ಅವನು ಪಾಲಿಸಿಕೊಂಡು ಬಂದ ಕ್ರಮ ಅದು. ಆದ್ದರಿಂದ ಅದಕ್ಕೆ ಹಿಂದಿನ ಕ್ಷಣದಲ್ಲಿ ಏನು ನಡೆಯಿತೆಂಬುದು ಅವನಿಗೆ ಕಾಣಲಿಲ್ಲ. ಕಂಡದ್ದು ಇಷ್ಟು: ಚೀನಾ ಸರ್ಕಾರದ ಹಿರಿಯ ಸುಂಕಾಧಿಕಾರಿ ಔಯೂಂಗ್ ಪಾಕ್‌ಲಂ ತಮ್ಮ ಬೂದು ನಿಲುವಂಗಿಯ ತೋಳುಗಳನ್ನು ಇಳಿಬಿಟ್ಟು, ಮೇಜಿನಾಚೆ ಕುಳಿತ ಬ್ರಿಟಿಷ್ ಅಧಿಕಾರಿ ಹಾರ್ವಿಕ್ ದೊರೆಗೆ ನಡು ಬಾಗಿಸಿ ವಂದಿಸುತ್ತಿದ್ದರು.

"ತುಂಬಾ ತೊಂದ್ರೆ ಕೊಟ್ಬಿಟ್ಟೆ," ಎಂದರು ಔಯೂಂಗ್. ಹಾಗೆಂದವರು ಹಿಂದಿರುಗಿ ನೋಡದೆ ಬಾಗಿಲು ದಾಟಿದರು. ಮೆಟ್ಟಿಲುಗಳ ಮೇಲೆ ಅವರ ಬಟ್ಟೆಯ ಪಾದರಕ್ಷೆಗಳ ಸದ್ದು ಕೂಡ ಕೇಳಿಸಲಿಲ್ಲ.

ಹಾರ್ವಿಕ್ ಕೈವಸ್ತ್ರದಿಂದ ಬಾಯಿ ಒರೆಸಿಕೊಂಡರು. "ಏನಂದ್ರು?"

"ತೊಂದ್ರೆ ಕೊಟ್ಟೆ ಅಂದ್ರು, ಸರ್."

"ಅಷ್ಟೇನಾ?"

"ಅಷ್ಟೇ, ಸರ್."

ಹಾರ್ವಿಕ್ ಬಾಗಿಲನ್ನೇ ನೋಡುತ್ತ ಕುಳಿತರು. "ಇವತ್ತು ಒಪ್ಕೊಂಡೆ ಅಂತ ಹೇಳೋನಿದ್ದೆ, ಫಂಗ್. ಮೇಲಿನೋರು ಕೊನೆಗೂ ತಲೆ ಆಡ್ಸಿದ್ರು. ಬೋರ್ಡಿಲ್ಲ, ಬಾವುಟ ಇಲ್ಲ, ಸಮವಸ್ತ್ರ ಇಲ್ಲ, ಕಾಗದದ ಮೇಲೆ ಒಂದಕ್ಷರ ಇಲ್ಲ. ಆದ್ರೆ ಇರ್ಬಹುದು. ಅದನ್ನ ಹೇಳೋದಕ್ಕೆ ಬಾಯಿ ತೆಗೆಯೋ ಹೊತ್ತಿಗೆ ಮನುಷ್ಯ ಎದ್ದೇ ಹೋದ್ರಲ್ಲ. ಬೋರ್ಡಿನ ಮೇಲೆ ಅಷ್ಟೊಂದು ಸಿಟ್ಟೆ?"

ಫಂಗ್ ಮತ್ತೆ ನೆಲದ ಮೇಲೆ ಕಣ್ಣಿಟ್ಟ.

ಹಿಂದಿನ ಶರತ್ಕಾಲದಲ್ಲಿ ಕ್ಯಾಂಟನ್ ನಗರ ಜಪಾನೀಯರ ವಶವಾದ ಮೇಲೆ ಗಡಿಯುದ್ದಕ್ಕೂ ಇದ್ದ ಚೀನಾದ ಸುಂಕದ ಕಟ್ಟೆಗಳು ಒಂದೊಂದಾಗಿ ಬಿದ್ದುಹೋಗಿದ್ದವು. ಉಳಿದ ಸಿಬ್ಬಂದಿಯನ್ನೂ ಮೊಹರುಗಳನ್ನೂ ಪೆಟ್ಟಿಗೆಗಳನ್ನೂ ಕಟ್ಟಿಕೊಂಡು ಔಯೂಂಗ್ ಬ್ರಿಟಿಷರ ಈ ದ್ವೀಪಕ್ಕೆ ಬಂದು, ಬಂದರು ರಸ್ತೆಯ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಕಚೇರಿ ತೆರೆದಿದ್ದರು. ಒಂದು ದೇಶದ ಸುಂಕದ ಕಚೇರಿ ಇನ್ನೊಂದು ದೇಶದ ನೆಲದ ಮೇಲೆ ಕೂರಬಹುದೆ? ಕೂರಬಾರದೆಂದು ಜಪಾನಿನ ಕಾನ್ಸುಲ್ ವಾರವಾರವೂ ಬಂದು ಹೇಳುತ್ತಿದ್ದ. ಕೂರಲಿ, ಆದರೆ ಕಾಣಬಾರದು ಎಂಬುದು ಲಂಡನ್ನಿನ ಇಂಗಿತ. ಬೋರ್ಡಿನ ಮೇಲೆ 'ಸುಂಕ' ಎಂಬ ಅಕ್ಷರ ಇರಬೇಕೆ, ಬೇಡವೆ ಎಂಬುದೊಂದರ ಮೇಲೆಯೇ ಹಾರ್ವಿಕ್ ಮತ್ತು ಔಯೂಂಗ್ ಇಡೀ ಚಳಿಗಾಲವನ್ನು ಕಳೆದಿದ್ದರು. ಔಯೂಂಗರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಹಾರ್ವಿಕ್ ಯೌವನದಲ್ಲಿ ಕ್ಯಾಂಟನ್ನಿನಲ್ಲೇ ನೆಲೆಸಿ ಚೀನೀ ಭಾಷೆ ಕಲಿತವರು. ಆದರೂ ನಡುವೆ ದುಭಾಷಿ ಬೇಕಾಗಿತ್ತು. ಇಂದು ಆಡಿದ ಮಾತನ್ನು ನಾಳೆ ಹಿಂತೆಗೆದುಕೊಳ್ಳಬೇಕಾಗಿ ಬಂದರೆ, ಅದನ್ನು ತಪ್ಪಾಗಿ ಅನುವಾದಿಸಿದವನೊಬ್ಬ ಇರಬೇಕಲ್ಲವೆ? ಫಂಗ್‌ನ ಉದ್ಯೋಗದ ನಿಜವಾದ ಸ್ವರೂಪ ಅದು. ಅದು ಅವನಿಗೆ ತಿಳಿದಿತ್ತು; ತಿಳಿದೇ ದಣಿದಿದ್ದ.

ಮಧ್ಯಾಹ್ನ ಅವನು ಪಶ್ಚಿಮದ ಧಕ್ಕೆಯ ಬಳಿ ಲುಕ್ ಅಕ್ಕನ ಅಂಗಡಿಗೆ ಬಂದ. ಹಳೆಯ ಹಾಯಿಬಟ್ಟೆಯ ಸೂರು, ಎರಡು ಮೇಜು, ಒಂದು ಒಲೆ, ಒಲೆಯ ಮೇಲೆ ಸದಾ ಕುದಿಯುವ ಅಕ್ಕಿಗಂಜಿ. ಲುಕ್ ಅಕ್ಕ ದೋಣಿಯಲ್ಲೇ ಹುಟ್ಟಿ ಬೆಳೆದ ಹೆಂಗಸು. ನೆಲದ ಮೇಲೆ ಬದುಕುವವರನ್ನು ಕಂಡರೆ ಅವಳಿಗೆ ಒಂದು ಬಗೆಯ ಕನಿಕರ.

"ಬಂದ್ರಪ್ಪ ಎರಡು ನಾಲಿಗೆ ಯಜಮಾನ್ರು," ಎಂದಳು. "ಎರಡಕ್ಕೂ ಸೇರಿಸಿ ಒಂದೇ ಬಟ್ಟಲು ಗಂಜಿ ಸಾಕಾ?"

"ಸಾಕು ಲುಕ್ ಅಕ್ಕ. ಉಪ್ಪುಮೊಟ್ಟೆ ಇದ್ರೆ ಹಾಕು."

"ಇದೆ. ನಿಮ್ ತಮ್ಮಾನೂ ಬಂದವ್ನೆ. ಆಗ್ಲಿಂದ ಕೂತವ್ನೆ, ಮುಖ ನೋಡಿದ್ರೆ ನನ್ ಗಂಜಿನೇ ಹಳಸ್ಬೇಕು."

ಮೂಲೆಯ ಮೇಜಿನಲ್ಲಿ ಕಿಟ್ ಕುಳಿತಿದ್ದ. ಕಾಲ ಬಳಿ ಒಂದು ಗಂಟು. ಕಿವಿಯಿಂದ ದವಡೆಯವರೆಗೆ ಇಳಿದ ಗಾಯದ ಗುರುತು ಹಗಲ ಬೆಳಕಿನಲ್ಲಿ ಬೆಳ್ಳಗೆ ಕಾಣುತ್ತಿತ್ತು. ಅವನು ಔಯೂಂಗರ ಕೈಕೆಳಗೆ ಗಡಿಯ ಶಂಚುನ್ ಸೇತುವೆಯ ಸುಂಕದ ಕಟ್ಟೆಯಲ್ಲಿದ್ದವನು. ಜಪಾನೀಯರ ರಕ್ಷಣೆಯಲ್ಲಿ ಸಾಗುತ್ತಿದ್ದ ಕಳ್ಳಸಕ್ಕರೆಯ ಲಾರಿಗಳನ್ನು ತಡೆದು ನಿಲ್ಲಿಸಿದಾಗ ಬಿದ್ದ ಚೂರಿಯ ಏಟು ಅದು. ಅಂದು ಸಿಕ್ಕಿಬಿದ್ದವರೇ ಇಂದು ತೋಳಿಗೆ ಜಪಾನೀ ಪಟ್ಟಿ ಕಟ್ಟಿಕೊಂಡು ಅದೇ ಕಟ್ಟೆಯಲ್ಲಿ ಕುಳಿತಿದ್ದರು. ಆ ಗಾಯವನ್ನು ಅವರು ದೂರದಿಂದಲೇ ಗುರುತಿಸಬಲ್ಲರು.

"ಅಣ್ಣಾ, ಸಾಯಂಕಾಲ ಹೊರಡ್ತಾ ಇದೀವಿ," ಎಂದ ಕಿಟ್.

ಫಂಗ್‌ನ ಕೈಯ ಚಮಚ ಅಲ್ಲೇ ನಿಂತಿತು. "ಎಲ್ಲಿಗೆ?"

"ಆಚೆ ದಡದ ಶಾಯೂಚುಂಗ್ ತನಕ ದೋಣಿ. ಅಲ್ಲಿಂದ ನಡ್ಕೊಂಡು ಒಳನಾಡಿಗೆ. ಮೊಹರು, ಪೆಟ್ಟಿಗೆ, ಯಜಮಾನ್ರು, ನಾವು, ಎಲ್ಲಾ. ನೀರು ಇಳಿಯೋಕೆ ಶುರುವಾದ ತಕ್ಷಣ ಹಗ್ಗ ಬಿಚ್ತಾರೆ."

"ಆ ದಾರೀಲಿ ಕಾವಲಿದೆ ಕಿಟ್."

"ಗೊತ್ತು."

"ನೀನು ಇಲ್ಲೇ ಉಳ್ಕೋ. ನನ್ ಮನೇಲಿರು."

ಕಿಟ್ ನಕ್ಕ. "ಬಂದೂಕು ಹಿಡ್ಕೊಂಡು ಗಡಿ ದಾಟಿದೋನು ನಾನು. ಕಚೇರಿ ಜಾಮೀನು ಕೊಟ್ಟಿದೆ ಅಂತ ನಿಮ್ ಪೊಲೀಸ್ರು ಹೊರಗೆ ಬಿಟ್ಟಿದ್ದಾರೆ. ಕಚೇರಿ ಎದ್ದುಹೋದ್ರೆ ಜಾಮೀನೂ ಹೋಯ್ತು. ನನ್ನ ಹಿಡ್ದು ಮರ್ಯಾದೆಯಿಂದ ಸೇತುವೆ ಮೇಲೆ ಬಿಟ್ಟು ಬರ್ತಾರೆ. ದೋಣಿನಾದ್ರೂ ಕತ್ಲಲ್ಲಿ ಹೋಗತ್ತೆ."

"ಯಾಕ್ ಹೊರಟ್ರಿ? ಯಾರು ಹೋಗಿ ಅಂದ್ರು?"

"ನೀನೇ ಅಲ್ಲಿದ್ಯಲ್ಲ, ನನ್ನನ್ನ ಕೇಳ್ತೀಯಲ್ಲ. ನಿಮ್ ದೊರೆ ಬಟ್ಟಲು ಎತ್ತಿದ್ರಂತೆ."

ಫಂಗ್ ಚಮಚ ಕೆಳಗಿಟ್ಟ.

"ನಂಗೇನು ಅರ್ಥ ಆಗ್ಲಿಲ್ಲ, ಬಿಡು," ಎಂದ ಕಿಟ್. "ನಾಟಕದಲ್ಲಿ ನೋಡಿದ್ದೆ ಅಷ್ಟೆ. ಅಧಿಕಾರಿ ಚಹಾದ ಬಟ್ಟಲು ಎತ್ತಿದ ಕೂಡ್ಲೆ ಬಾಗಿಲಲ್ಲಿರೋ ಆಳು 'ಅತಿಥಿಗಳು ಹೊರಟ್ರು' ಅಂತ ಕೂಗ್ತಾನೆ, ಬಂದೋನು ಮಾತು ಅಲ್ಲೇ ಬಿಟ್ಟು ಎದ್ದು ಓಡ್ತಾನೆ. ಜನ ನಗ್ತಾರೆ. ನಮ್ ಯಜಮಾನ್ರು ನಗ್ಲಿಲ್ಲ. ಬಂದೋರೇ ಪೆಟ್ಟಿಗೆ ಕಟ್ಟಿ ಅಂದ್ರು."

ಫಂಗ್‌ಗೆ ಆಗ ನೆನಪಾಯಿತು: ಔಯೂಂಗರ ಮಾತಿನ ನಡುವೆ ಪಿಂಗಾಣಿಯ ಮುಚ್ಚಳ ಸಣ್ಣಗೆ ಕಿಣಿಗುಟ್ಟಿತ್ತು. ಚಕ್ರವರ್ತಿಯ ಕಾಲದಲ್ಲಿ ಅಧಿಕಾರಿಯಾದ ಔಯೂಂಗರ ಕಿವಿಗೆ ಆ ಸದ್ದಿನ ಅರ್ಥ ಒಂದೇ. ಅತಿಥಿಯ ಮುಂದೆ ಚಹಾ ಇಡುವುದು ಮರ್ಯಾದೆ. ಆತಿಥೇಯ ತನ್ನ ಬಟ್ಟಲಿಗೆ ಕೈ ಹಾಕಿದರೆ ಮಾತು ಮುಗಿಯಿತು, ಇನ್ನು ಹೊರಡಬಹುದು ಎಂದು ಅರ್ಥ. ಇಡೀ ಚಳಿಗಾಲ ಆ ಕೋಣೆಯಲ್ಲಿ ಚಹಾ ಯಾರೂ ಮುಟ್ಟದೆ ಆರಿಹೋಗುತ್ತಿತ್ತು. ಅದೇ ಔಯೂಂಗರಿಗೆ ಭರವಸೆಯಾಗಿತ್ತು.

"ಇಲ್ದೇ ಇರೋ ಕಚೇರೀಲಿ ನಾನು ಕೆಲ್ಸ ಮಾಡ್ದೆ, ಆಡದೇ ಇರೋ ಮಾತಿಗೆ ನೀನು ಅರ್ಥ ಹೇಳ್ದೆ," ಎಂದು ಕಿಟ್ ಗಂಟನ್ನು ಮಡಿಲಿಗೆ ಎಳೆದುಕೊಂಡ. "ಅಪ್ಪ ನಮ್ಮಿಬ್ಬರ್ನೂ ಮೀನು ಹಿಡಿಯೋಕೆ ಹಾಕಿದ್ರೆ ಆಗ್ತಿತ್ತು."

ಫಂಗ್ ಗಂಜಿಯನ್ನು ಹಾಗೆಯೇ ಬಿಟ್ಟು ಎದ್ದ. "ನಾನು ಬರೋ ತನಕ ದೋಣಿ ಹತ್ಬೇಡ."

"ನೀರು ನಿನ್ನ ಮಾತು ಕೇಳತ್ತಾ ಅಣ್ಣಾ?"

ಬಂದರು ರಸ್ತೆಯ ಮೇಲಿನ ಮಹಡಿಯಲ್ಲಿ ಆಗಲೇ ಗೋಡೆಗಳು ಬರಿದಾಗಿದ್ದವು. ಕೂಲಿಗಳು ಪೆಟ್ಟಿಗೆಗಳನ್ನು ಬೊಂಬಿನ ಗಳಕ್ಕೆ ಕಟ್ಟಿ ಕೆಳಗಿಳಿಸುತ್ತಿದ್ದರು. ಔಯೂಂಗ್ ಕಿಟಕಿಯ ಬಳಿ ಒಂದು ಸ್ಟೂಲಿನ ಮೇಲೆ ಕುಳಿತು, ಕಚೇರಿಯ ಮೊಹರನ್ನು ಹಳದಿ ರೇಷ್ಮೆಯಲ್ಲಿ ಸುತ್ತುತ್ತಿದ್ದರು. ಅವರ ಬೆರಳುಗಳು ಆ ಕೆಲಸಕ್ಕೆ ಒಗ್ಗಿಹೋಗಿದ್ದವು: ಕ್ಯಾಂಟನ್ನಿನಲ್ಲಿ ಒಮ್ಮೆ ಸುತ್ತಿದ್ದರು, ಗಡಿಯಲ್ಲಿ ಒಮ್ಮೆ, ಈಗ ಇಲ್ಲಿ.

"ಯಜಮಾನ್ರೇ, ಅದು ತಪ್ಪು ತಿಳಿವಳಿಕೆ," ಎಂದ ಫಂಗ್. "ಅವರಿಗೆ ನಿಮ್ಮನ್ನ ಕಳಿಸೋ ಮನಸ್ಸೇ ಇರ್ಲಿಲ್ಲ. ಬಾಯಾರಿಕೆಗೋ ಏನೋ ಎತ್ತಿರ್ಬೇಕು."

"ಕೂತ್ಕೊಳ್ಳಿ ಫಂಗ್. ಕೂರೋಕೆ ಏನೂ ಉಳಿದಿಲ್ಲ, ಆದ್ರೂ ಕೂತ್ಕೊಳ್ಳಿ." ಔಯೂಂಗ್ ಗಂಟು ಬಿಗಿದರು. "ಹಾರ್ವಿಕ್ ಕ್ಯಾಂಟನ್‌ನಲ್ಲಿ ಯಾರ ಹತ್ರ ಪಾಠ ಕಲ್ತ್ರು ಗೊತ್ತಾ? ನಮ್ಮ ಸೋದರಮಾವನ ಹತ್ರ. ಮಾವ ಭಾಷೆಗಿಂತ ಮುಂಚೆ ಬಟ್ಟಲು ಹೇಗೆ ಹಿಡೀಬೇಕು ಅಂತ ಕಲಿಸ್ತಿದ್ರು. ಆ ಮನುಷ್ಯನಿಗೆ ಗೊತ್ತಿಲ್ಲ ಅಂತ ನಾನು ನಂಬ್ಲಾ?"

"ಮರ್ತಿರಬಹುದು."

"ಇರಬಹುದು. ಇಲ್ದೇನೂ ಇರಬಹುದು. ಬಾಯಲ್ಲಿ ಇಲ್ಲ ಅಂದ್ರೆ ನಮ್ಮ ಸರ್ಕಾರಕ್ಕೆ ಬೇಜಾರು, ಹೂಂ ಅಂದ್ರೆ ಜಪಾನಿನವ್ರಿಗೆ ಬೇಜಾರು. ಅದಕ್ಕೆ ಕೈಯಲ್ಲಿ ಹೇಳಿದ್ರು. ಕೂಗಾಡಿ ಹೊರಗೆ ಹಾಕೋದಕ್ಕಿಂತ ಇದು ಸಭ್ಯವಾದದ್ದೇ. ನಂಗೇನೂ ಸಿಟ್ಟಿಲ್ಲ. ಸುಸ್ತಾಗಿದೆ, ಅಷ್ಟೆ."

"ಅವರು ಒಪ್ಕೊಂಡಿದ್ರು. ನನ್ನೆದುರಿಗೇ ಹೇಳಿದ್ರು."

ಔಯೂಂಗ್ ತಲೆ ಎತ್ತಿ ಅವನನ್ನು ನೋಡಿದರು. "ನಿಮ್ಮ ತಮ್ಮ ನಮ್ಮಲ್ಲಿದ್ದಾನೆ. ನಿಮ್ಮ ಜಾಗದಲ್ಲಿ ನಾನಿದ್ರೂ ಇದನ್ನೇ ಹೇಳ್ತಿದ್ದೆ. ಅದಕ್ಕೇ ನಿಮ್ಮ ಮಾತನ್ನ ನಾನು ತಗೊಳ್ಳೋಕಾಗಲ್ಲ. ಕರೆದೋರು ಬಂದು ಕರೀಲಿ. ಎತ್ತಿದ ಬಟ್ಟಲನ್ನ ಎತ್ತಿದೋರೇ ಕೆಳಗಿಡ್ಬೇಕು."

ಅದು ಅಸಾಧ್ಯವೆಂದು ಇಬ್ಬರಿಗೂ ಗೊತ್ತಿತ್ತು. ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲಿ ಈ ಮಹಡಿಯಲ್ಲಿ ಯಾವ ಕಚೇರಿಯೂ ಇರಲಿಲ್ಲ. ಇಲ್ಲದ ಕಚೇರಿಯ ಮೆಟ್ಟಿಲನ್ನು ಹಾರ್ವಿಕ್ ಹತ್ತಿದರೆ ಅದು ಇದೆಯೆಂದು ಒಪ್ಪಿದಂತೆ. ಚೀಟಿ ಬರೆದು ಕಳಿಸುವುದಂತೂ ಇನ್ನೂ ಅಪಾಯ. ಬರೆದದ್ದು ಎಂದಾದರೊಂದು ದಿನ ಕಾನ್ಸುಲನ ಮೇಜಿಗೆ ಬಂದೇ ಬರುತ್ತದೆ.

ಫಂಗ್ ಗುಡ್ಡದ ಮೆಟ್ಟಿಲುಗಳನ್ನು ಏರಿ ಕಾರ್ಯದರ್ಶಿ ಕಚೇರಿಗೆ ಬಂದಾಗ ಅವನ ಉಸಿರು ಎದೆಯಲ್ಲಿ ನಿಲ್ಲುತ್ತಿರಲಿಲ್ಲ. ಕಿಟಕಿಯಾಚೆ ಬಂದರಿನಲ್ಲಿ ಲಂಗರು ಹಾಕಿದ ಹಡಗುಗಳ ಮೂತಿಗಳು ಇನ್ನೂ ಕಡಲಿನ ಕಡೆಗೇ ಇದ್ದವು. ನೀರು ಏರುತ್ತಿತ್ತು. ಅವು ತಿರುಗಿದಾಗ ಇಳಿತ ಶುರುವಾಗುತ್ತದೆ.

"ಬಟ್ಟಲು?" ಹಾರ್ವಿಕ್ ಹುಬ್ಬು ಗಂಟಿಕ್ಕಿದರು. "ಯಾವ ಬಟ್ಟಲು? ನಾನು ಕ್ವಿನೈನ್ ಮಾತ್ರೆ ನುಂಗಿದೆ. ಜ್ವರ ಮತ್ತೆ ಬಂದಿದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಅದು ನಾಲಿಗೆ ಮೇಲೆ ಕರಗಿದ್ರೆ—"

ಅಲ್ಲಿಗೆ ಅವರ ಮಾತು ನಿಂತಿತು. ಹಾರ್ವಿಕ್ ತಮ್ಮ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

"ಮೇಷ್ಟ್ರು ಮೊದಲನೇ ತಿಂಗಳಲ್ಲೇ ಹೇಳ್ಕೊಟ್ಟಿದ್ರು," ಎಂದರು. "ಹೊಸ ಕಾಲದೋರ ಜೊತೇಲೇ ಕೂತು ಕೂತು ಮರ್ತೇಹೋಯ್ತು. ಅವರು ಹಾಗಂತ ಎದ್ದು ಹೋದ್ರಾ?"

"ಹೌದು ಸರ್. ದೋಣಿಗೆ ಸಾಮಾನು ಹೇರ್ತಿದ್ದಾರೆ."

ಹಾರ್ವಿಕ್ ಎದ್ದು ಕಿಟಕಿಯ ಬಳಿ ಹೋದರು. ಫಂಗ್ ಕಾದ. ಈಗ ಟೊಪ್ಪಿ ತೆಗೆದುಕೊಳ್ಳುತ್ತಾರೆ, ಈಗ ಆಳನ್ನು ಕರೆಯುತ್ತಾರೆ ಎಂದುಕೊಂಡ. ಅವರು ಎರಡನ್ನೂ ಮಾಡಲಿಲ್ಲ.

"ಫಂಗ್, ಒಂದು ವಿಷಯ ಯೋಚ್ನೆ ಮಾಡಿ," ಎಂದರು ಬೆನ್ನು ತಿರುಗಿಸಿಕೊಂಡೇ. "ನಾವು ಯಾರನ್ನೂ ಹೋಗಿ ಅನ್ನಲಿಲ್ಲ. ಅವರಾಗಿಯೇ ಹೊರಟರು. ಚುಂಗ್‌ಕಿಂಗ್‌ನಲ್ಲಿರೋ ಚೀನಾ ಸರ್ಕಾರ ನಮ್ಮನ್ನ ಬಯ್ಯೋ ಹಾಗಿಲ್ಲ. ಕಾನ್ಸುಲ್ ಇನ್ನು ವಾರಾವಾರ ಬಂದು ಆ ಕುರ್ಚೀಲಿ ಕೂರಲ್ಲ. ಲಂಡನ್ ಒಂದು ತಂತಿ ಕಳಿಸಿ ಸುಮ್ಮನಾಗತ್ತೆ. ಇಡೀ ಚಳಿಗಾಲ ನನ್ನ ಕೈಲಿ ಬಗೆಹರಿಸೋಕೆ ಆಗದೇ ಇದ್ದದ್ದನ್ನ ಒಂದು ಮಾತ್ರೆ ಬಗೆಹರಿಸಿದೆ. ನಂಗೂ ವಯಸ್ಸಾಯ್ತು. ನಿದ್ದೆ ಬೇಕು."

ಫಂಗ್ ನೆಲ ನೋಡುತ್ತಿದ್ದ. ಕಲಿತ ಕ್ರಮ ಅದು. ಆ ಕೋಣೆಯಲ್ಲಿ ಅವನು ಆಡಿದ ಲಕ್ಷಾಂತರ ಮಾತುಗಳಲ್ಲಿ ಒಂದೂ ಅವನದಾಗಿರಲಿಲ್ಲ. ಹಾಗಿರುವುದೇ ಸುರಕ್ಷಿತವೆಂದು ನಂಬಿದ್ದ ಕೂಡ. ಅವನು ತಲೆ ಎತ್ತಿ ದೊರೆಯ ಬೆನ್ನನ್ನು ನೇರವಾಗಿ ನೋಡಿದ.

"ಕಾನ್ಸುಲ್ ಬರೋದು ನಿಲ್ಲಲ್ಲ, ಸರ್. ನಾಳೆನೇ ಬರ್ತಾನೆ. ಸುಂಕದೋರು ಹೋದ್ರಲ್ಲ, ಈಗ ನಮ್ಮ ಸುಂಕದೋರಿಗೆ ಜಾಗ ಕೊಡಿ ಅಂತ ಕೇಳ್ತಾನೆ. ನೀವು ಬಟ್ಟಲು ಎತ್ತುತೀರಿ. ಅವನಿಗೂ ಅದರ ಅರ್ಥ ಗೊತ್ತು. ಆದ್ರೆ ಅವನು ಏಳೋದಿಲ್ಲ."



"ಇದು ಯಾರ ಮಾತು?" ಎಂದರು ಹಾರ್ವಿಕ್. "ಔಯೂಂಗರದಾ?"

"ನಂದು, ಸರ್."

"ನೀವು ಸ್ವಂತ ಮಾತಾಡಿದ್ದು ನಾನು ಕೇಳೇ ಇರ್ಲಿಲ್ಲ."

"ನನ್ನ ತಮ್ಮ ಆ ದೋಣಿ ಹತ್ತುತಾನೆ, ಸರ್. ಹತ್ತಿದ್ರೆ ವಾಪಸು ಬರಲ್ಲ. ಅದಕ್ಕೇ ಆಡ್ದೆ."

ಹಾರ್ವಿಕ್ ತಿರುಗಿದರು. ಮುಖದಲ್ಲಿ ಕೋಪವಿರಲಿಲ್ಲ, ಮಲಗಲು ಹೊರಟವನನ್ನು ಯಾರೋ ಎಬ್ಬಿಸಿದಾಗ ಮೂಡುವ ಸೋಲಿನಂಥದೊಂದು ಭಾವವಿತ್ತು. "ನಾನು ಅಲ್ಲಿಗೆ ಹೋಗೋ ಹಾಗಿಲ್ಲ. ಬರೆಯೋ ಹಾಗಿಲ್ಲ. ಮತ್ತೆ ಕ್ಷಮೆ ಕೇಳಿದ್ರೆ ನಾವೇ ಕೂರಿಸ್ಕೊಂಡ್ವಿ ಅಂತ ಆಗತ್ತೆ. ಹೇಗೆ?"

"ಧಕ್ಕೆ ಹತ್ರ ಒಂದು ಗಂಜಿ ಅಂಗಡಿ ಇದೆ, ಸರ್. ಅದು ಯಾರ ಕಚೇರಿಯೂ ಅಲ್ಲ. ಕ್ಷಮೆ ನೀವು ಕೇಳ್ಬೇಡಿ. ತಪ್ಪು ದುಭಾಷಿದು ಅಂದ್ಬಿಡಿ. ಅದಕ್ಕೇ ತಾನೇ ನನ್ನನ್ನ ಇಟ್ಕೊಂಡಿರೋದು."

"ಅಂದ್ರೆ ಅದು ದಾಖಲೆಗೆ ಹೋಗ್ಬೇಕು. ಈ ಕೋಣೆಗೆ ನೀವು ಮತ್ತೆ ಬರೋಕಾಗಲ್ಲ, ಫಂಗ್."

"ಗೊತ್ತು, ಸರ್."

ಹಾರ್ವಿಕ್ ಟೊಪ್ಪಿ ತೆಗೆದುಕೊಂಡರು. ಬಾಗಿಲಲ್ಲಿ ಒಮ್ಮೆ ನಿಂತು, ಜೇಬು ತಡವಿ ಮಾತ್ರೆಯ ಸೀಸೆ ಇದೆಯೇ ಎಂದು ನೋಡಿಕೊಂಡರು.

ಅವರು ಧಕ್ಕೆ ತಲುಪುವ ಹೊತ್ತಿಗೆ ಬಂದರಿನ ಹಡಗುಗಳು ಒಂದೊಂದಾಗಿ ಮೂತಿ ತಿರುಗಿಸುತ್ತಿದ್ದವು. ಇಳಿತ ಆರಂಭವಾಗಿತ್ತು. ದೋಣಿಯ ಹಾಯಿ ಅರ್ಧ ಏರಿತ್ತು. ಪೆಟ್ಟಿಗೆಗಳೆಲ್ಲ ಒಳಗಿದ್ದವು. ಕಿಟ್ ದೋಣಿಗೆ ಹತ್ತಲು ಹಾಕಿದ ಹಲಗೆಯ ಈಚೆ ತುದಿಯಲ್ಲಿ ಗಂಟನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ; ದೋಣಿಯವನು ಅವನನ್ನು ಬಯ್ಯುತ್ತಿದ್ದ. ಔಯೂಂಗ್ ರೇಷ್ಮೆಯ ಗಂಟನ್ನು ಎದೆಗವಚಿಕೊಂಡು ಹಲಗೆಯ ಕಡೆ ನಡೆಯುತ್ತಿದ್ದರು.

ಫಂಗ್ ಓಡಿಹೋಗಿ ಅವರೆದುರು ನಿಂತ. "ಯಜಮಾನ್ರೇ, ದೊರೆಗಳು ಚಹಾಕ್ಕೆ ಕರೀತಿದ್ದಾರೆ."

"ಯಾವ ಮನೆಗೆ?"

"ಮನೆಗಲ್ಲ. ಲುಕ್ ಅಕ್ಕನ ಅಂಗಡಿಗೆ."

ಔಯೂಂಗ್ ಅಂಗಡಿಯ ಕಡೆ ನೋಡಿದರು. ಹಾಯಿಬಟ್ಟೆಯ ಸೂರಿನ ಕೆಳಗೆ, ಗಂಜಿ ಹೀರುತ್ತಿದ್ದ ಹಮಾಲರ ನಡುವೆ, ಹಾರ್ವಿಕ್ ದೊರೆ ಮೊಣಕಾಲುಗಳನ್ನು ಗಲ್ಲಕ್ಕೆ ತಗುಲಿಸಿಕೊಂಡು ಗಿಡ್ಡ ಸ್ಟೂಲೊಂದರ ಮೇಲೆ ಕುಳಿತಿದ್ದರು. ಟೊಪ್ಪಿ ತೊಡೆಯ ಮೇಲಿತ್ತು. ತಮ್ಮ ಕೈಯಾರೆ ಎರಡು ಬಟ್ಟಲುಗಳಿಗೆ ಚಹಾ ಬಗ್ಗಿಸುತ್ತಿದ್ದರು. ಬಗ್ಗಿಸುವವನು ಆತಿಥೇಯ. ಆ ಲೆಕ್ಕ ಔಯೂಂಗರಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಹಗ್ಗ ಹಿಡ್ಕೊಂಡಿರಪ್ಪ," ಎಂದು ದೋಣಿಯವನಿಗೆ ಹೇಳಿ ಅವರು ಬಂದು ಕುಳಿತರು. ಮೊಹರಿನ ಗಂಟನ್ನು ಮೇಜಿನ ಮೇಲಿಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡರು. ಫಂಗ್ ಅವರಿಬ್ಬರ ನಡುವೆ ನಿಂತ.

ಹಾರ್ವಿಕ್ ಇಂಗ್ಲಿಷಿನಲ್ಲಿ ಮಾತು ಶುರುಮಾಡಿದರು. "ಇವತ್ತು ಬೆಳಿಗ್ಗೆ ನಮ್ಮ ದುಭಾಷಿ ತಮ್ಮ ಕೆಲಸವನ್ನ ಸರಿಯಾಗಿ ಮಾಡಲಿಲ್ಲ. ಅದರಿಂದ ನಮ್ಮ ನಡುವೆ ತಪ್ಪು ತಿಳಿವಳಿಕೆ ಆಯ್ತು."

ಫಂಗ್ ಅದನ್ನು ಚೀನೀ ಭಾಷೆಗೆ ತಂದ. ಒಂದು ಪದವನ್ನೂ ಮೃದು ಮಾಡಲಿಲ್ಲ. 'ನಮ್ಮ ದುಭಾಷಿ' ಎಂದೇ ಹೇಳಿದ, 'ನಾನು' ಎನ್ನಲಿಲ್ಲ. ದುಭಾಷಿಗೆ 'ನಾನು' ಎಂಬುದು ಇಲ್ಲ.

ಔಯೂಂಗ್ ಎರಡು ಬಾರಿ ಆ ಮಾತನ್ನು ಕೇಳಿಸಿಕೊಂಡರು, ಎರಡು ಭಾಷೆಗಳಲ್ಲಿ. ಫಂಗ್‌ನ ಮುಖ ನೋಡಿದರು. ಅಲ್ಲಿ ಏನು ನಡೆಯುತ್ತಿದೆಯೆಂದು ಅವರಿಗೆ ಅರ್ಥವಾಗಿತ್ತು. ಆದರೆ ಅರ್ಥವಾಗುವುದು ಬೇರೆ, ನಂಬುವುದು ಬೇರೆ. ಅವರ ಕಣ್ಣು ಹಾರ್ವಿಕ್‌ರ ಬಟ್ಟಲಿನ ಮೇಲಿತ್ತು.

ಚಹಾದ ಮೇಲಿನ ಹಬೆ ತೆಳುವಾಗುತ್ತಿತ್ತು. ದೋಣಿಯವನು ಹಗ್ಗ ಎಳೆದು ಹಿಡಿದು ಯಾರದೋ ಅಜ್ಜಿಯನ್ನು ಎತ್ತಿ ಬಯ್ಯುತ್ತಿದ್ದ. ಹಲಗೆ ಸ್ವಲ್ಪಸ್ವಲ್ಪವೇ ವಾಲುತ್ತಿತ್ತು.

ಲುಕ್ ಅಕ್ಕ ಸೌಟು ಹಿಡಿದುಕೊಂಡೇ ಬಂದಳು. "ಕುಡೀರಪ್ಪ. ಕುಡಿಯೋಕಲ್ದಿದ್ರೆ ಯಾಕ್ ತರ್ಸಿದ್ರಿ? ನನ್ ಚಹಾಕ್ಕೆ ಏನಾಗಿದೆ?"

"ಸ್ವಲ್ಪ ಇರು, ಲುಕ್ ಅಕ್ಕ."

"ಆರ್ಹೋದ್ಮೇಲೆ ಕುಡಿದ್ರೆ ಹೊಟ್ಟೆನೋವು ಬರತ್ತೆ, ಆಮೇಲೆ ನನ್ನ ಬಯ್ತೀರಿ. ಆ ಬಿಳಿ ಯಜಮಾನ್ರಿಗೆ ಹೇಳಿ, ಬಟ್ಟಲು ತೊಳ್ದೇ ಇಟ್ಟಿದೀನಿ."

ಆಗ ಹಾರ್ವಿಕ್‌ರಿಗೆ ಕೆಮ್ಮು ಬಂತು.

ಮೊದಲು ಗಂಟಲಲ್ಲಿ ಸಣ್ಣಗೆ ಕೆರೆಯಿತು. ಅದನ್ನು ನುಂಗಿಕೊಂಡರು. ಮತ್ತೆ ಬಂದಾಗ ಇಡೀ ದೇಹ ಅಲುಗಿತು. ಕಣ್ಣಲ್ಲಿ ನೀರು ತುಂಬಿ, ಕುತ್ತಿಗೆಯ ನರಗಳು ಉಬ್ಬಿದವು. ಬಲಗೈ ತಾನಾಗಿ ಮೇಜಿನ ಮೇಲೆ ಮುಂದಕ್ಕೆ ಸರಿದು ಬಟ್ಟಲಿನ ಅಂಚಿಗೆ ಬಂತು. ಮಡಿಲಿನ ಗಂಟಿನ ಮೇಲೆ ಔಯೂಂಗರ ಬೆರಳುಗಳು ಬಿಗಿಯಾದವು. ಎದ್ದುನಿಲ್ಲುವ ಮುನ್ನ ಮನುಷ್ಯ ಮೈಯನ್ನು ಹೇಗೆ ಕೂಡಿಸಿಕೊಳ್ಳುತ್ತಾನೋ ಹಾಗೆ ಅವರು ಕೂಡಿಸಿಕೊಂಡರು. ಹಲಗೆಯ ತುದಿಯಲ್ಲಿ ಕಿಟ್ ತಲೆ ತಿರುಗಿಸಿದ್ದ.

ಕೈ ಅಲ್ಲಿ ನಿಂತಿತು. ಹಾರ್ವಿಕ್ ಅದನ್ನು ನೋಡಿದರು. ಕಚೇರಿಯಲ್ಲಿ ಅಪರಿಚಿತವೆಂಬಂತೆ ನೋಡಿದ ಅದೇ ಕೈಯನ್ನು ಈಗ ಗುರುತು ಹಿಡಿದವರಂತೆ ನೋಡಿದರು. ನಿಧಾನವಾಗಿ ಅದನ್ನು ಹಿಂದಕ್ಕೆಳೆದು ಜೇಬಿಗೆ ಹಾಕಿ, ಸೀಸೆ ತೆಗೆದು, ಸಂಜೆಯ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡರು. ನೀರಿಲ್ಲ, ಚಹಾ ಇಲ್ಲ. ಮಾತ್ರೆ ಇಳಿಯಲಿಲ್ಲ. ದವಡೆ ಒಮ್ಮೆ ಆಡಿತು, ಮತ್ತೊಮ್ಮೆ ಆಡಿತು. ಕಹಿ ಕರಗಿ ಬಾಯಿಯ ತುಂಬ ಹರಡಿದ್ದು ಮುಖದಲ್ಲಿ ಕಂಡಿತು. ಅವರು ಕಣ್ಣು ಮುಚ್ಚಿ ಅದನ್ನು ಒಣ ಗಂಟಲಲ್ಲಿ ನುಂಗಿದರು. ನುಂಗಿದ ಮೇಲೆ ಎರಡೂ ಅಂಗೈಗಳನ್ನು ಬಟ್ಟಲಿನ ಎರಡು ಪಕ್ಕದಲ್ಲಿ, ಅದನ್ನು ಮುಟ್ಟದಂತೆ, ಮೇಜಿನ ಮೇಲೆ ಊರಿದರು.

ಗಂಟಿನ ಮೇಲೆ ಔಯೂಂಗರ ಬೆರಳುಗಳು ಸಡಿಲವಾದವು. ಬಳಿಕ ದುಭಾಷಿಯನ್ನು ನೋಡದೆ, ಇಂಗ್ಲಿಷನ್ನೂ ಆಡದೆ, ಕ್ಯಾಂಟನ್ನಿನ ಮನೆಮಾತಿನಲ್ಲಿ ಹೇಳಿದರು: "ಮಾವ ಇದ್ದಿದ್ರೆ ಸಂತೋಷಪಡ್ತಿದ್ರು."

ಅದನ್ನು ಅನುವಾದಿಸಬೇಕಾಗಿರಲಿಲ್ಲ.

"ಬೋರ್ಡು ಬೇಡ," ಎಂದರು ಹಾರ್ವಿಕ್, ಕಹಿಯಿಂದ ದಪ್ಪವಾದ ನಾಲಿಗೆಯಲ್ಲಿ, ಅದೇ ಭಾಷೆಯಲ್ಲಿ.

"ಬೇಡ ಬಿಡಿ. ಬರಬೇಕಾದೋರಿಗೆ ಮಹಡಿ ಗೊತ್ತು."

ಔಯೂಂಗ್ ಮೊಹರಿನ ಗಂಟನ್ನು ಮಡಿಲಿನಿಂದ ಎತ್ತಿ ಮೇಜಿನ ಮೇಲೆ, ಆರಿದ ಬಟ್ಟಲಿನ ಪಕ್ಕದಲ್ಲಿ ಇಟ್ಟರು. ಬಳಿಕ ಧಕ್ಕೆಯ ಕಡೆ ಕೈ ಬೀಸಿದರು. ಹಾಯಿ ಇಳಿಯಿತು. ದೋಣಿಯವನು ಈಗ ಬೇರೊಂದು ಕಾರಣಕ್ಕೆ ಬಯ್ಯತೊಡಗಿದ. ಇಡೀ ಮಧ್ಯಾಹ್ನ ಕೆಳಗಿಳಿಸಿದ ಪೆಟ್ಟಿಗೆಗಳನ್ನು ಕೂಲಿಗಳು ಗೊಣಗುತ್ತ ಮತ್ತೆ ಹೊರಗೆ ತೆಗೆಯತೊಡಗಿದರು.

ಯಾರು ಮೊದಲು ಏಳಬೇಕೆಂಬ ತೊಡಕು ಇನ್ನೂ ಉಳಿದಿತ್ತು. ಇಬ್ಬರೂ ಅದನ್ನು ಅರಿತು, ಒಬ್ಬರನ್ನೊಬ್ಬರು ನೋಡುತ್ತ, ಮೊಣಕಾಲು ಹಿಡಿದುಕೊಂಡು ಒಟ್ಟಿಗೆ ಎದ್ದರು. ಹಾರ್ವಿಕ್ ಟೊಪ್ಪಿ ಹಾಕಿಕೊಂಡು ಗುಡ್ಡದ ದಾರಿ ಹಿಡಿದರು. ಹೋಗುವ ಮುನ್ನ ಫಂಗ್‌ನ ಬಳಿ ನಿಂತು ಏನೋ ಹೇಳಲು ಬಾಯಿ ತೆರೆದರು, ಕೆಮ್ಮು ಬಂತು, ತಲೆಯಾಡಿಸಿ ಹೊರಟುಹೋದರು. ಮರುದಿನದ ದಾಖಲೆಯಲ್ಲಿ ಏನಿರುತ್ತದೆಂದು ಫಂಗ್‌ಗೆ ಗೊತ್ತಿತ್ತು. ಹೊಸ ಸೀಮೆ ಎಂದು ಕರೆಯುವ ಗಡಿಯ ಹಳ್ಳಿಗಾಡಿನ ಯಾವುದೋ ಜಮೀನು ಕಚೇರಿಯಲ್ಲಿ, ಬೇಲಿಯ ಜಗಳವಾಡುವ ರೈತರ ನಡುವೆ, ಅವನಿಗೊಂದು ಸ್ಟೂಲು ಕಾದಿತ್ತು.

ಕಿಟ್ ಬಂದು ಅವನ ಎದುರಿಗೆ ಕುಳಿತು ಗಂಟನ್ನು ಕಾಲ ಬಳಿ ಇಳಿಸಿದ. ಎಷ್ಟು ಕಾಲಕ್ಕೆ ಈ ಉಳಿವು ಎಂದು ಅವನು ಕೇಳಲಿಲ್ಲ. ಅಣ್ಣನೂ ಹೇಳಲಿಲ್ಲ. ಬಂದರಿನಾಚೆ ಗುಡ್ಡಗಳು ಕಪ್ಪಾಗುತ್ತಿದ್ದವು. ಆ ಗುಡ್ಡಗಳ ಹಿಂದೆ ಶಂಚುನ್ ಸೇತುವೆ ಎಲ್ಲಿತ್ತೋ ಅಲ್ಲೇ ಇತ್ತು.

"ದೊರೆ ಏನೋ ಹೇಳಿದ್ರಲ್ಲ, ದುಭಾಷಿ ಕೆಲ್ಸ ಸರಿಯಾಗಿ ಮಾಡಲ್ಲ ಅಂತ," ಎಂದ ಕಿಟ್. "ನಂಗೆ ಚಿಕ್ಕಂದಿನಿಂದ ಗೊತ್ತಿತ್ತು."

"ಬಾಯ್ಮುಚ್ಚು. ಗಂಜಿ ತಿನ್ನು."

ಲುಕ್ ಅಕ್ಕ ಮೇಜು ಒರೆಸಲು ಬಂದಳು. ತುಂಬಿದ ಎರಡು ಬಟ್ಟಲುಗಳನ್ನು ಕಂಡು ಮುಖ ಸಿಂಡರಿಸಿದಳು. "ಒಂದು ಗುಟುಕೂ ಇಲ್ಲ. ಚೆಲ್ಲೋಕೆ ಮನಸ್ಸು ಬರಲ್ಲ, ಮಾರೋಕೆ ಬರಲ್ಲ." ಅವಳು ಬಟ್ಟಲುಗಳನ್ನು ಕಡಲಿನ ಕಡೆ ಒಯ್ಯುವಷ್ಟರಲ್ಲಿ ಫಂಗ್ ಕೈ ಚಾಚಿದ. ಬೆಳಿಗ್ಗೆಯಿಂದ ಅವನ ಬಾಯಿಗೆ ನೀರು ಬಿದ್ದಿರಲಿಲ್ಲ.

"ಇಲ್ಲಿ ಕೊಡು," ಎಂದ.

ಹಾರ್ವಿಕ್ ಮುಟ್ಟದೆ ಬಿಟ್ಟ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ ಅವನು ತಣ್ಣನೆಯ ಚಹಾವನ್ನು ತಳದವರೆಗೆ ಕುಡಿದ. ಎದುರಿಗೆ ಕುಳಿತ ತಮ್ಮ ಏಳಲಿಲ್ಲ. ಉಪ್ಪುಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದ.